ಲಿಂಬೆ ತೋಟಕ್ಕೆ ಮತ್ತೆ ಬಂದ 2511

ವಿಜಯಪುರ ಜಿಲ್ಲೆಯ ಇಂಡಿ ಕಡೆ ಲಿಂಬೆ ಸಸಿಗಳನ್ನು ಸಾಮಾನ್ಯವಾಗಿ 20 ಅಡಿಗೆ ಒಂದರಂತೆ ಹಚ್ಚುತ್ತಾರೆ. ಸಸಿ ಮೊಣಕಾಲೆತ್ತರ ಇರುವಾಗ ನೋಡಿದವರಿಗೆ, ಇಷ್ಟು ಜಾಗ ಸುಮ್ನೆ ಯಾಕೆ ಬಿಟ್ಟಿದ್ದಾರೆ ಅನಿಸುತ್ತದೆ. ಹತ್ತು-ಹನ್ನೆರಡು ವರ್ಷ ಹೋಗಲಿ. ಎರಡೂ ಸಾಲಿನ ಮುಳ್ಳುಕೊಂಬೆ ಚಾಚಿಕೊಂಡು ನಡುವೆ ಒಂದು ಎತ್ತಿನ ಬಂಡಿ ಹೋಗುವಷ್ಟೇ ದಾರಿ ಉಳಿಯುತ್ತದೆ. ಅಲ್ಲಿ ಈಗಿನ 50 ಎಚ್‌ಪಿ ಟ್ರ್ಯಾಕ್ಟರ್ ಹೊಕ್ಕರೆ ಕೊಂಬೆ ಮುರಿಯುತ್ತವೆ, ಕಾಯಿ ಉದುರುತ್ತವೆ, ಡ್ರೈವರ್ ಮೈಕೈ ಗೀರಿಸಿಕೊಂಡು ಹೊರಗೆ ಬರುತ್ತಾನೆ. ಮೇಲಾಗಿ ಲಿಂಬೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಆಳದ ಉಳುಮೆ ಅದಕ್ಕೆ ಆಗಿಬರುವುದಿಲ್ಲ. ಎರೆ ಮಣ್ಣು ಹಸಿ ಇದ್ದಾಗ ಭಾರದ ಗಾಡಿ ತಿರುಗಾಡಿದರೆ ನೆಲ ಬಿಗಿದು ನೀರು ಇಂಗುವುದೂ ಕಡಿಮೆಯಾಗುತ್ತದೆ. ತೋಟಕ್ಕೆ ಬೇಕಾದದ್ದು ಸಣ್ಣ ಗಾಡಿ.

ಸಣ್ಣ ಗಾಡಿಗಳಿಗೆ ಈಗ ಬರವಿಲ್ಲ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಪಡಗಳಲ್ಲಿ ಮಿನಿ ಟ್ರ್ಯಾಕ್ಟರ್‌ಗಳು ಬ್ಲೋವರ್ ಕಟ್ಟಿಕೊಂಡು ಔಷಧ ಹೊಡೆಯುತ್ತಾ ಓಡಾಡುತ್ತವೆ. ಒಳ್ಳೆಯ ಗಾಡಿಗಳೇ. ಆದರೆ ನಮ್ಮ ಮನೆಯ ಹಿಂದೆ ಬೇವಿನ ಮರದ ಕೆಳಗೆ 25 ಎಚ್‌ಪಿಯ ಗಾಡಿಯೊಂದು ಆಗಲೇ ಇತ್ತು. ನಮ್ಮ ಕಾಕಾ ಕೊಂಡಿದ್ದ ಎಚ್‌ಎಂಟಿ ಝೆಟರ್ 2511. ಚಾಲೂ ಆಗದೆ ವರ್ಷಗಟ್ಟಲೆ ನಿಂತಿತ್ತು. ಮುಂದಿನ ಟೈರ್ ನೆಲಕ್ಕೆ ಕೂತಿತ್ತು. ಸೈಲೆನ್ಸರ್ ಒಳಗೆ ಗುಬ್ಬಿ ಗೂಡು ಕಟ್ಟಿತ್ತು. ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ದರ ಹೇಳಿ ಹೋಗಿದ್ದರು. ಕಾಕಾ ಕೊಡಲಿಲ್ಲ. ಅದನ್ನು ಎಬ್ಬಿಸುವ ಕೆಲಸ ನಾನು ಕೈಗೆ ತೆಗೆದುಕೊಂಡೆ.

ಎಚ್‌ಎಂಟಿ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಕೈಗಡಿಯಾರ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ ಅದು. ಮೊದಲ ಕಸುಬು ಮಷೀನ್ ಟೂಲ್ಸ್. ಟ್ರ್ಯಾಕ್ಟರ್ ಮಾಡಿದ್ದು ಹರಿಯಾಣದ ಪಿಂಜೋರಿನಲ್ಲಿ. ಚೆಕೊಸ್ಲೊವಾಕಿಯಾದ ಝೆಟರ್ ಕಂಪನಿಯ ಜೊತೆ ಸೇರಿ 1971ರಲ್ಲಿ 25 ಎಚ್‌ಪಿಯ ಈ ಗಾಡಿ ತಯಾರಿಸಲು ತೊಡಗಿದರು. ಎರಡೇ ಸಿಲಿಂಡರು. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 95 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 110. ನಿಧಾನಕ್ಕೆ ಬಡಿಯುವ, ಡೀಸೆಲ್ ಕಡಿಮೆ ಕುಡಿಯುವ ಇಂಜಿನ್ ಅಂತ ಹಳಬರು ಈಗಲೂ ಹೊಗಳುತ್ತಾರೆ. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಮುಚ್ಚಿದರೂ ಗಾಡಿಗಳು ಊರೂರಲ್ಲಿ ಹಾಗೇ ಇವೆ. ಕೆಲವು ಇನ್ನೂ ಟ್ರಾಲಿ ಎಳೆಯುತ್ತಿವೆ. ಹೆಚ್ಚಿನವು ಮರದ ಕೆಳಗೋ ದನದ ಕೊಟ್ಟಿಗೆಯ ಮೂಲೆಯಲ್ಲೋ ನಿಂತಿವೆ.

ಹಳೆ ಗಾಡಿಗಳನ್ನು ಬಣ್ಣ ಬಳಿದು, ಹೂ ಏರಿಸಿ ಅಂಗಳದಲ್ಲಿ ಇಡುವವರಿದ್ದಾರೆ. ಅವರ ಪ್ರೀತಿಯ ಬಗ್ಗೆ ನನಗೆ ಗೌರವ ಇದೆ. ನನ್ನ ಆಸೆ ಬೇರೆ ಇತ್ತು. ಈ ಗಾಡಿ ತೋಟಕ್ಕೆ ಹೋಗಬೇಕು, ಕಳೆ ಹೊಡೆಯಬೇಕು, ಲಿಂಬೆ ಚೀಲ ಹೊರಬೇಕು, ಬೆಳಿಗ್ಗೆ ಸೆಲ್ಫ್ ಹೊಡೆದರೆ ಚಾಲೂ ಆಗಬೇಕು. ಎಲ್ಲಿ ಹಳೆಯದನ್ನೇ ಉಳಿಸುವುದು, ಎಲ್ಲಿ ಹೊಸದು ಹಾಕುವುದು ಅನ್ನುವ ಪ್ರಶ್ನೆ ಬಂದಾಗೆಲ್ಲ ಈ ಅಳತೆಗೋಲನ್ನೇ ಹಿಡಿದೆ.

ವಿಜಯಪುರದಿಂದ ಮಿಸ್ತ್ರಿ ಚಾಚಾ ಬಂದರು. ಜೀವಮಾನವಿಡೀ ಟ್ರ್ಯಾಕ್ಟರ್ ಬಿಚ್ಚಿದವರು. ಮೊದಲು ಇಂಜಿನ್ನಿನ ತಳದ ಆಯಿಲ್ ತೊಟ್ಟಿಯ, ಅಂದರೆ ಸಂಪಿನ, ಬೋಲ್ಟ್ ಸಡಿಲಿಸಿದರು. ಆಯಿಲ್ ಬರುವ ಮೊದಲು ನೀರು ಬಂತು. ಆಮೇಲೆ ಬಂದ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು.

"ಲೈನರ್ ರಬ್ಬರ್ ಹೋಗ್ಯಾವ ತಮ್ಮಾ. ಹೆಡ್ ಬಿಚ್ಚಿ ನೋಡೂಣು" ಅಂದರು ಚಾಚಾ.

ಈ ಇಂಜಿನ್ನಿನಲ್ಲಿರುವುದು ವೆಟ್ ಲೈನರ್. ಪಿಸ್ಟನ್ ಓಡಾಡುವ ಕೊಳವೆಯ ಹೊರಮೈಗೆ ರೇಡಿಯೇಟರ್ ನೀರು ನೇರವಾಗಿ ತಾಗುತ್ತದೆ. ನೀರು ಕೆಳಗೆ ಸಂಪಿಗೆ ಇಳಿಯದಂತೆ ತಡೆಯುವುದು ಲೈನರಿನ ಬುಡದಲ್ಲಿರುವ ರಬ್ಬರ್ ರಿಂಗುಗಳು. ಇದರಿಂದ ಒಂದು ದೊಡ್ಡ ಅನುಕೂಲ ಇದೆ. ಲೈನರ್ ಸವೆದರೆ ಇಂಜಿನ್ನಿನ ಮುಖ್ಯ ಎರಕವಾದ ಬ್ಲಾಕನ್ನು ಕೊರೆಸಲು ಬೋರಿಂಗಿಗೆ ಹೊತ್ತುಕೊಂಡು ಹೋಗಬೇಕಿಲ್ಲ. ಹಳೆಯದನ್ನು ಎಳೆದು ಹೊಸದನ್ನು ಕೂರಿಸಿದರೆ ಆಯಿತು. ಮರದ ನೆರಳಲ್ಲೇ ಮಾಡಬಹುದಾದ ಕೆಲಸ.

ಎಳೆದ ಲೈನರನ್ನು ಚಾಚಾ ಗೋಣಿಚೀಲದ ಮೇಲೆ ಇಟ್ಟು ನನ್ನನ್ನು ಕರೆದರು. ಹೊರಮೈ ತುಂಬ ಬಿಳಿ ಸುಣ್ಣ ಹೆಪ್ಪುಗಟ್ಟಿತ್ತು, ಉಗುರಿನಷ್ಟು ದಪ್ಪ. ನಮ್ಮ ಬೋರ್‌ವೆಲ್ಲಿನ ಸವಳು ನೀರು ವರ್ಷಾನುಗಟ್ಟಲೆ ಕುದಿದು ಬಿಟ್ಟುಹೋದ ಸುಣ್ಣ ಅದು. ಚಾಚಾ ಸ್ಕ್ರೂಡ್ರೈವರಿನಿಂದ ಕೆರೆದರು. ಸುಣ್ಣದ ಕೆಳಗೆ ಒಂದು ಮಗ್ಗುಲಲ್ಲಿ ಮಾತ್ರ ಸಣ್ಣ ಸಣ್ಣ ಕುಳಿಗಳು ಕಂಡವು. ಸೂಜಿ ಮೊನೆ ನಿಲ್ಲುವಷ್ಟು. ಒಂದು ಕುಳಿ ಆಳಕ್ಕೆ ಹೋಗಿ ಒಳಗಿನ ಗೋಡೆಯ ಹತ್ತಿರ ತಲುಪಿತ್ತು.

ಇದು ತುಕ್ಕಿನ ಕೆಲಸ ಅಂತ ತಿಳಿಯುವುದು ಸಹಜ. ಬರೀ ತುಕ್ಕಾದರೆ ಸುತ್ತಲೂ ತಿನ್ನಬೇಕಲ್ವಾ? ಡೀಸೆಲ್ ಉರಿದಾಗೆಲ್ಲ ಪಿಸ್ಟನ್ ಲೈನರಿನ ಒಂದು ಮಗ್ಗುಲಿಗೆ ಬಡಿಯುತ್ತದೆ. ಲೈನರ್ ಅದುರುತ್ತದೆ. ಆ ಅದುರಿಗೆ ಹೊರಗಿನ ನೀರಿನಲ್ಲಿ ಕಣ್ಣಿಗೆ ಕಾಣದ ಗುಳ್ಳೆಗಳು ಎದ್ದು ಲೈನರಿನ ಮೈಮೇಲೆಯೇ ಒಡೆಯುತ್ತವೆ. ಲಕ್ಷಾಂತರ ಸಲ ಒಡೆದಾಗ ಕಬ್ಬಿಣವೂ ಸವೆದು ಕುಳಿ ಬೀಳುತ್ತದೆ. ರೇಡಿಯೇಟರ್ ನೀರಿಗೆ ಕೂಲಂಟ್ ದ್ರವ ಹಾಕಿ ಅಂತ ಹೇಳುವುದು ಇದಕ್ಕೇ. ನಮ್ಮ ಕಡೆ ಚಳಿಗೆ ನೀರು ಹೆಪ್ಪುಗಟ್ಟುವ ಮಾತೇ ಇಲ್ಲ, ನಮಗ್ಯಾಕೆ ಕೂಲಂಟ್ ಅಂತ ಕೇಳುವ ರೈತರು ಬಹಳ. ಆದರೆ ಅದರಲ್ಲಿರುವ ಔಷಧ ತುಕ್ಕನ್ನೂ ಈ ಕುಳಿಗಳನ್ನೂ ತಡೆಯುತ್ತದೆ. ವೆಟ್ ಲೈನರ್ ಗಾಡಿ ಇಟ್ಟುಕೊಂಡವರು ಬೋರ್‌ವೆಲ್ ನೀರು ಬಿಟ್ಟುಬಿಡಲೇಬೇಕು. ಈಗ ಊರೂರಲ್ಲಿ ಶುದ್ಧ ನೀರಿನ ಘಟಕ ಇದೆ. ಕೂಲಂಟ್ ಬೆರೆಸುವುದಕ್ಕೆ ಅಲ್ಲಿನ ಒಂದು ಕ್ಯಾನ್ ನೀರು ಸಾಕು.

ಲೈನರ್ ಹುಡುಕುವ ಕೆಲಸದಲ್ಲೇ ನನಗೆ ಈ ಗಾಡಿಯ ಬಳಗ ಸಿಕ್ಕಿದ್ದು. ಚಡಚಣದ ಗೌಡರೊಬ್ಬರ ಹತ್ತಿರ ಓಡುವ 2511 ಒಂದು, ಬಿಚ್ಚಿಟ್ಟದ್ದು ಇನ್ನೊಂದು. ಸಿಂದಗಿಯ ಮಾಸ್ತರು ಐಟಿಐನಲ್ಲಿ ಪಾಠ ಹೇಳುತ್ತಾರೆ, ಅವರ ಮನೆ ಅಂದರೆ ಅಳತೆ ಸಾಮಾನುಗಳ ಉಗ್ರಾಣ. ಮಹಾರಾಷ್ಟ್ರದ ಗಡಿ ದಾಟಿದರೆ ಜತ್ತ. ಅಲ್ಲಿನ ಅಜ್ಜಾರು ಹರೆಯದಿಂದಲೂ ಈ ಗಾಡಿ ಬಿಟ್ಟು ಬೇರೆ ಓಡಿಸಿದವರಲ್ಲ. ಇವರೆಲ್ಲ ಮೊದಲೇ ಒಬ್ಬರಿಗೊಬ್ಬರು ಗೊತ್ತು. ಒಬ್ಬರ ಮನೆಗೆ ಹೋದರೆ ಅವರೇ ಇನ್ನೊಬ್ಬರ ನಂಬರ್ ಕೊಟ್ಟು, ಚಹಾ ಕುಡಿಸಿ ಕಳಿಸುತ್ತಾರೆ.

ಝೆಟರ್‌ನವರು ಈ ಗಾಡಿಗಳನ್ನು ಒಂದು ಕುಟುಂಬವಾಗಿ ರೂಪಿಸಿದ್ದರು ಅಂತ ಮೊದಲು ತಿಳಿಸಿಕೊಟ್ಟವರು ಮಾಸ್ತರು. ಎರಡು ಸಿಲಿಂಡರಿನದಿರಲಿ, ಮೂರರದಿರಲಿ, ನಾಲ್ಕರದಿರಲಿ, ಬಹಳಷ್ಟು ಬಿಡಿಭಾಗ ಒಂದೇ. ಸಿಲಿಂಡರ್ ಹೆಚ್ಚಿಸಿದರೆ ಎಚ್‌ಪಿ ಹೆಚ್ಚು. ಹಾಗಾಗಿ 2511ರ ಹೆಸರಲ್ಲಿ ಸಿಗದ ಸಾಮಾನು ಅದರ ಅಣ್ಣತಮ್ಮಂದಿರ ಹೆಸರಲ್ಲಿ ಸಿಗುವುದುಂಟು. ಆದರೆ ನಂತರ ಬಂದ ಮಾದರಿಗಳಲ್ಲಿ ಬೋರ್ ದೊಡ್ಡದಾಗಿದೆ. ಅಂಗಡಿಯವರ ಬಾಯಿಮಾತು ನಂಬದೆ ವರ್ನಿಯರ್ ಅನ್ನುವ ಅಳತೆ ಸಾಧನ ಹಿಡಿದು ಅಳೆದೇ ಕೊಳ್ಳಬೇಕು. ನಮಗೆ ಬೇಕಾದ ಲೈನರ್, ಪಿಸ್ಟನ್ ಸೊಲ್ಲಾಪುರದ ಒಂದು ಹಳೆ ಅಂಗಡಿಯ ಅಟ್ಟದ ಮೇಲೆ ಸಿಕ್ಕವು. ಗ್ರೀಸ್ ಕಾಗದ ಸುತ್ತಿ ಇಟ್ಟಿದ್ದರು.

ಲೈನರ್ ಕೂರಿಸಿದ ದಿನ ಮಾಸ್ತರು ಮುಳ್ಳಿನಿಂದ ಸೂಕ್ಷ್ಮ ಅಳತೆ ತೋರಿಸುವ ಡಯಲ್ ಗೇಜ್ ತಂದಿದ್ದರು. ಕೂತ ಲೈನರಿನ ಅಂಚು ಬ್ಲಾಕಿನ ಮುಖಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು. ಆಗ ಮಾತ್ರ ಬ್ಲಾಕ್ ಮತ್ತು ಹೆಡ್ ನಡುವಿನ ಹಾಳೆಯಂಥ ಹೆಡ್ ಗ್ಯಾಸ್ಕೆಟ್ ಅದನ್ನು ಒತ್ತಿ ಹಿಡಿಯುತ್ತದೆ. ಕೆಳಗಿದ್ದರೆ ಗ್ಯಾಸ್ಕೆಟ್ ಸುಡುತ್ತದೆ. ಒಂದು ಲೈನರ್ ಮೇಲೆ, ಒಂದು ಕೆಳಗೆ ಆದರೂ ಅದೇ ಕಥೆ. ಚಾಚಾ ಹೆಬ್ಬೆರಳಿನ ಉಗುರು ಆಡಿಸಿ "ಬರೋಬರಿ ಅದ" ಅಂದರು. ಮಾಸ್ತರು ಗೇಜ್ ಇಟ್ಟು ನಾಲ್ಕೂ ಕಡೆ ಅಳೆದರು. ಮುಳ್ಳೂ ಅದನ್ನೇ ಹೇಳಿತು. ಆ ಕೈಗೂ ಆ ಮುಳ್ಳಿಗೂ ಅಷ್ಟು ಹತ್ತಿರದ ಒಪ್ಪಂದ ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಚಾಲೂ ಆದ ಮೇಲೆ ಮೇಲ್ಗಡೆಯಿಂದ ಒಂದು ಟಕಟಕ ಸದ್ದು ಹೋಗಲೇ ಇಲ್ಲ. ಜತ್ತದ ಅಜ್ಜಾರಿಗೆ ಫೋನ್ ಹಚ್ಚಿದೆ.

"ಫೋನ ಇನ್ನೊಂಚೂರು ಮುಂದ ಹಿಡಿ ತಮ್ಮಾ. ಹಾಂ, ಈಗ ರೇಸ್ ಮಾಡು. ಸಾಕು, ಬಿಡು. ಅದು ಟ್ಯಾಪೆಟ್ ಸಪ್ಪಳ ಅಲ್ಲ. ರಾಕರ್ ಬುಷ್ ಸವದೈತಿ."

ರಾಕರ್ ಅಂದರೆ ಇಂಜಿನ್ನಿನ ವಾಲ್ವ್ ಒತ್ತುವ ತೋಳು. ಬಿಚ್ಚಿ ನೋಡಿದರೆ ಹಾಗೇ ಇತ್ತು.

ಈ ಬಳಗದಲ್ಲಿ ಹಳೆ ಸಾಮಾನಿಗೆ ದುಡ್ಡಿನ ಮಾತು ಆಡುವುದಿಲ್ಲ. ಗೌಡರು ನನಗೆ ಬಾನೆಟ್ ಕೊಟ್ಟರು, ಸ್ಟಿಯರಿಂಗ್ ಬಾಕ್ಸ್ ಕೊಟ್ಟರು. ಅವರು ಕೇಳಿದ್ದು ಒಂದೇ, "ಬಿಚ್ಚೂ ಮುಂದ ಅಳತಿ ಬರಕೋರಿ, ನಾಳೆ ಯಾರರೆ ಕೇಳಿದ್ರ ಕೊಡ್ರಿ." ಅವತ್ತಿನಿಂದ ಒಂದು ನೋಟುಬುಕ್ ಇಟ್ಟಿದ್ದೇನೆ. ಪ್ರತಿ ಬೇರಿಂಗಿನ ನಂಬರ್, ಪ್ರತಿ ಆಯಿಲ್ ಸೀಲಿನ ಒಳವ್ಯಾಸ, ಹೊರವ್ಯಾಸ, ದಪ್ಪ. ಹಳೆ ಗಾಡಿಯವರಿಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಬೇರಿಂಗ್ ಮೇಲೆ 6205 ಅಂತ ಇದ್ದರೆ ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52, ದಪ್ಪ 15. ಯಾವ ದೇಶದ ಯಾವ ಕಂಪನಿ ಮಾಡಿದರೂ ಅಷ್ಟೇ. ಟ್ರ್ಯಾಕ್ಟರ್ ಕಂಪನಿ ಮುಚ್ಚಿದರೆ ಬೇರಿಂಗ್ ಮುಚ್ಚುವುದಿಲ್ಲ. ಅಂಗಡಿಗೆ ಹೋಗಿ ಗಾಡಿ ಹೆಸರು ಹೇಳಿ ಕೇಳಿದರೆ "ಬರೂದಿಲ್ರಿ" ಅನ್ನುತ್ತಾರೆ. ನಂಬರ್ ಹೇಳಿ ಕೇಳಿದರೆ ಅಲ್ಲೇ ಮೇಲಿನ ಖಾನೆಯಿಂದ ತೆಗೆದುಕೊಡುತ್ತಾರೆ.

ಎರಕದ ಸಾಮಾನಿನ ಕಥೆ ಬೇರೆ. ಅವಕ್ಕೆ ನಂಬರ್ ಹೇಳಿ ಕೇಳುವ ಹಾಗಿಲ್ಲ. ಹೆಡ್ಡಿನಿಂದ ರೇಡಿಯೇಟರಿಗೆ ನೀರು ಹೋಗುವ ಎಲ್ಬೋ, ಅಂದರೆ ಬಾಗಿದ ಕೊಳವೆ, ಒಂದಿದೆ. ನೀರಿನ ಬಿಸಿ ನೋಡಿ ದಾರಿ ತೆರೆಯುವ ಥರ್ಮೋಸ್ಟಾಟ್ ಕೂರುವ ಜಾಗ. ನಮ್ಮದು ಸವಳು ನೀರಿಗೆ ತಿಂದುಹೋಗಿ ಜರಡಿಯಾಗಿತ್ತು. ಗೌಡರ ಬಿಚ್ಚಿಟ್ಟ ಗಾಡಿಯದೂ ಹಾಗೇ. ಮಾಸ್ತರು ಬೆಳಗಾವಿಯ ಉದ್ಯಮಬಾಗಕ್ಕೆ ಹೋಗಿ ಬಾ ಅಂದರು.

ಬೆಳಗಾವಿ ಮೊದಲಿನಿಂದಲೂ ಕಬ್ಬಿಣದ ಕೆಲಸದ ಊರು. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟದ್ದು ಇಲ್ಲೇ. ಆಮೇಲೆ ಮೇವು ಕತ್ತರಿಸುವ ಯಂತ್ರ, 1903ರಲ್ಲಿ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂತ ರೈತರು ಹೆದರಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಅಂತ ಹೇಳುತ್ತಾರೆ. 1910ರಲ್ಲಿ ಅವರು ಊರು ಬಿಟ್ಟು ಸಾಂಗ್ಲಿ ಕಡೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಬೆಳಗಾವಿಯಲ್ಲಿ ಎರಕದ ಕಸುಬು ಇವತ್ತಿಗೂ ಜೋರಾಗಿದೆ. ಉದ್ಯಮಬಾಗದ ಒಂದು ಗಲ್ಲಿ ಹೊಕ್ಕರೆ ಫೌಂಡ್ರಿ, ಲೇಥ್, ಗ್ರೈಂಡಿಂಗ್, ಪ್ಯಾಟರ್ನ್ ಅಂಗಡಿ ಎಲ್ಲ ಒಂದರ ಪಕ್ಕ ಒಂದು.

ಪ್ಯಾಟರ್ನ್ ಅಂದರೆ ಮರಳಿನಲ್ಲಿ ಅಚ್ಚು ತೆಗೆಯಲು ಬೇಕಾದ ಮರದ ಮಾದರಿ. ಅದನ್ನು ಮಾಡುವ ಮಾಮಾರ ಅಂಗಡಿ ಚಿಕ್ಕದು. ನೆಲದ ತುಂಬ ಸಾಗವಾನಿಯ ಸಿಪ್ಪೆ. ಗೋಡೆಗೆ ಎರಡು ಸ್ಟೀಲ್ ಸ್ಕೇಲ್ ಪಕ್ಕಪಕ್ಕ ತೂಗುಹಾಕಿದ್ದರು. ಮೇಲ್ನೋಟಕ್ಕೆ ಎರಡೂ ಒಂದೇ. ಕೆಳಗಿಳಿಸಿ ಜೋಡಿಸಿ ಹಿಡಿದಾಗ ಗೊತ್ತಾಯಿತು, ಒಂದರ 30 ಸೆಂಟಿಮೀಟರ್ ಇನ್ನೊಂದರದ್ದಕ್ಕಿಂತ ಸುಮಾರು 3 ಮಿಲಿಮೀಟರ್ ಉದ್ದ. ಬೀಡು ಕಬ್ಬಿಣ 1300 ಡಿಗ್ರಿಗೂ ಮೇಲೆ ಕಾದು ಅಚ್ಚಿಗೆ ಇಳಿಯುತ್ತದೆ. ಆರುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುತ್ತದೆ. ಹಳೆ ಎಲ್ಬೋವನ್ನೇ ಮರಳಿಗೆ ಒತ್ತಿ ಅಚ್ಚು ತೆಗೆದರೆ ಬರುವ ಸಾಮಾನು ಚಿಕ್ಕದಾಗಿ, ಬೋಲ್ಟಿನ ತೂತುಗಳು ಹೊಂದುವುದಿಲ್ಲ. ಅದಕ್ಕೇ ಮಾಮಾ ಉದ್ದದ ಸ್ಕೇಲಿನಲ್ಲಿ ಅಳೆದು ಮರದ ಪ್ಯಾಟರ್ನ್ ಕೊರೆಯುತ್ತಾರೆ. ಗ್ಯಾಸ್ಕೆಟ್ ಕೂರುವ ಮುಖಕ್ಕೆ ಲೇಥಿನಲ್ಲಿ ತೆಗೆಯಲು ಇನ್ನೊಂದಿಷ್ಟು ದಪ್ಪ ಬಿಡುತ್ತಾರೆ. ಒಳಗಿನ ಟೊಳ್ಳಿಗೆ ಮರಳಿನ ಕೋರ್ ಬೇಕು, ಅದರ ಅಚ್ಚು ಬೇರೆ. ಗೋಡೆಗಳಿಗೆ ಸ್ವಲ್ಪ ಇಳಿಜಾರು ಕೊಡದಿದ್ದರೆ ಪ್ಯಾಟರ್ನ್ ಎತ್ತುವಾಗ ಮರಳು ಕುಸಿಯುತ್ತದೆ. ಅಂಗೈಯಷ್ಟು ಸಾಮಾನಿಗೆ ಇಷ್ಟೆಲ್ಲ ಯೋಚನೆ.

ಒಂದೇ ಪೀಸಿಗಾಗಿ ಫರ್ನೇಸ್ ಹಚ್ಚುವವರಿಲ್ಲ. ಬೇರೆ ಆರ್ಡರ್ ಎರೆಯುವ ದಿನ ಫೌಂಡ್ರಿಯವರು ನಮ್ಮ ಅಚ್ಚುಗಳನ್ನು ಸಾಲಿನ ಕೊನೆಗೆ ಇಟ್ಟುಕೊಂಡರು. ಗೌಡರಿಗೆ, ಅಜ್ಜಾರಿಗೆ ಅಂತ ಸೇರಿಸಿ ಎರಡು-ಮೂರು ಪೀಸ್ ಜಾಸ್ತಿಯೇ ಎರೆಸಿದೆ. ಪ್ಯಾಟರ್ನ್ ಈಗ ಸಿಂದಗಿಯ ಮಾಸ್ತರ ಮನೆಯಲ್ಲಿದೆ. ಬೇಕಾದವರು ಒಯ್ದು ಎರೆಸಿಕೊಂಡು ತಿರುಗಿ ಅಲ್ಲೇ ಇಡಬಹುದು.

ಇನ್ನು ಹೊಸದಾಗಿ ಹಾಕಿದ್ದು. ಮೊದಲನೆಯದು ಆಲ್ಟರ್ನೇಟರ್. ಹಳೆ ಡೈನಮೋ ಇಂಜಿನ್ ನಿಧಾನಕ್ಕೆ ತಿರುಗುವಾಗ ಹೆಚ್ಚುಕಡಿಮೆ ಏನೂ ಚಾರ್ಜ್ ಮಾಡುವುದಿಲ್ಲ. ತೋಟದ ಕೆಲಸ ಬಹುಪಾಲು ನಿಧಾನದ್ದೇ. ಬ್ಯಾಟರಿ ಖಾಲಿಯಾಗಿ ನಾಲ್ಕು ಜನ ಸೇರಿ ದೂಡುವ ಪಾಡು ಯಾಕೆ? ಕಾರಿನ 12 ವೋಲ್ಟ್ ಆಲ್ಟರ್ನೇಟರಿಗೆ ಒಂದು ಬ್ರಾಕೆಟ್ ಮಾಡಿಸಿ, ಪುಲಿಯನ್ನು ಬೆಲ್ಟಿನ ನೇರಕ್ಕೆ ತಂದು ಕೂರಿಸಿದೆವು. ಕೂರಿಸುವ ಮೊದಲು ಬ್ಯಾಟರಿಯ ಯಾವ ತುದಿ ಬಾಡಿಗೆ ಅರ್ತ್ ಆಗಿದೆ ಅಂತ ನೋಡಲೇಬೇಕು. ಉಲ್ಟಾ ಕೊಟ್ಟರೆ ಆಲ್ಟರ್ನೇಟರಿನ ಡಯೋಡ್ ಕ್ಷಣದಲ್ಲಿ ಸುಡುತ್ತವೆ. ಡೈನಮೋವನ್ನು ಎಸೆದಿಲ್ಲ, ಗ್ರೀಸ್ ಹಚ್ಚಿ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಎರಡನೆಯದನ್ನು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಪಿಟಿಓ ಶಾಫ್ಟಿಗೆ, ಅಂದರೆ ಇಂಜಿನ್ನಿನ ಶಕ್ತಿಯನ್ನು ಹಿಂದೆ ಕಟ್ಟಿದ ಯಂತ್ರಕ್ಕೆ ಕೊಡುವ ತಿರುಗುವ ದಂಡಕ್ಕೆ, ಕವರ್ ಹಾಕಿಸಿ. ಪಿಟಿಓ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9 ಸುತ್ತು. ಹೆಗಲ ಮೇಲಿನ ಟವೆಲ್ಲಿನ ಚುಂಗು, ಧೋತರದ ಅಂಚು, ಹೆಣ್ಣುಮಕ್ಕಳ ಸೆರಗು ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಹಳೆ ಗಾಡಿಗಳಲ್ಲಿ ಕವರ್ ಯಾವತ್ತೋ ಕಿತ್ತುಹೋಗಿರುತ್ತದೆ, ಯಾರೂ ತಿರುಗಿ ಹಾಕಿರುವುದಿಲ್ಲ. ಬಾನೆಟ್ಟಿಗೆ ಬಣ್ಣ ಹೊಡೆಯುವ ದುಡ್ಡಿನಲ್ಲಿ ಕವರ್ ಬರುತ್ತದೆ. ಮೊದಲು ಅದು, ಆಮೇಲೆ ಬಣ್ಣ. ಬ್ರೇಕ್ ಲೈನಿಂಗ್, ಹಿಂದಿನ ಕೆಂಪು ದೀಪ, ಟ್ರಾಲಿಯ ರಿಫ್ಲೆಕ್ಟರ್, ಇವೂ ಅದೇ ಸಾಲಿಗೆ ಸೇರಿದವು. ಕಬ್ಬಿನ ಸೀಸನ್ನಿನಲ್ಲಿ ರಾತ್ರಿ ರಸ್ತೆಗೆ ಇಳಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ.

ಏರ್ ಕ್ಲೀನರ್ ಬದಲಿಸಲಿಲ್ಲ. ಹಳೆಯ ಆಯಿಲ್ ಬಾತ್ ಮಾದರಿಯೇ ಇದೆ. ಗಾಳಿ ಎಣ್ಣೆಯ ಮೇಲಿಂದ ಹಾದು ದೂಳು ಅಲ್ಲೇ ಕೂರುತ್ತದೆ. ನಮ್ಮ ಎರೆ ದೂಳಿಗೆ ಇದು ಚೆನ್ನಾಗಿ ಆಗಿಬರುತ್ತದೆ. ತೊಳೆದು ಎಣ್ಣೆ ಬದಲಿಸಿದರೆ ಸಾಕು, ಪ್ರತಿ ಸಲ ಹೊಸ ಫಿಲ್ಟರ್ ಕೊಳ್ಳುವ ಗೊಡವೆ ಇಲ್ಲ.

ಪವರ್ ಸ್ಟಿಯರಿಂಗ್ ವಿಷಯದಲ್ಲಿ ಗೌಡರಿಗೂ ನನಗೂ ಇನ್ನೂ ಒಮ್ಮತ ಆಗಿಲ್ಲ. ಅವರು ತಮ್ಮ ಗಾಡಿಗೆ ಬೇರೆ ಟ್ರ್ಯಾಕ್ಟರಿನ ಹೈಡ್ರಾಲಿಕ್ ಸ್ಟಿಯರಿಂಗ್ ಹಾಕಿಸಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇಷ್ಟು ಹಗುರದ ಗಾಡಿಗೆ ಅದು ಬೇಡ. ಬುಷ್, ಬಾಲ್ ಜಾಯಿಂಟ್ ಸರಿಯಿದ್ದು ಟೈರಿನಲ್ಲಿ ಗಾಳಿ ಸರಿಯಿದ್ದರೆ ಒಂದು ಕೈಯಲ್ಲಿ ತಿರುಗುತ್ತದೆ. "ನಿಂದು ಹರೇದ ಭುಜ, ನಂದು ಹಂಗಿಲ್ಲ" ಅನ್ನುತ್ತಾರೆ ಅವರು. ಅವರ ಮಾತಿನಲ್ಲೂ ನ್ಯಾಯ ಇದೆ. ಸಾಲಿನ ಕೊನೆಯಲ್ಲಿ ದಿನವಿಡೀ ತಿರುಗಿಸುವವರು ಅವರೇ ಅಲ್ವಾ?

ಖರ್ಚಿನಲ್ಲಿ ದೊಡ್ಡ ಪಾಲು ಟೈರಿನದ್ದು, ಆಮೇಲೆ ಡೀಸೆಲ್ ಪಂಪ್ ಮತ್ತು ನೋಝಲ್ ಟೆಸ್ಟಿಂಗಿನದ್ದು. ಎಲ್ಲರೂ ಇದಕ್ಕೆ ಕೈಹಾಕಿ ಅಂತ ಹೇಳಲಾರೆ. ದಿನಾಲೂ ಬಾಡಿಗೆ ಹೊಡೆದು ಹೊಟ್ಟೆ ತುಂಬಿಸಿಕೊಳ್ಳುವವರಿಗೆ ಕೆಟ್ಟು ನಿಂತ ಒಂದೊಂದು ದಿನವೂ ನಷ್ಟ, ಅವರಿಗೆ ಹೊಸ ಗಾಡಿಯೇ ಸರಿ. ಬ್ಲಾಕ್ ಒಡೆದ ಗಾಡಿಗೂ ನಾನು ಬೇಡ ಅನ್ನುತ್ತೇನೆ. ಬ್ಲಾಕ್, ಗೇರ್‌ಬಾಕ್ಸ್ ಗಟ್ಟಿ ಇದ್ದು, ಸ್ವಂತ ತೋಟ ಇದ್ದು, ಬಿಚ್ಚಲು ಕುಳಿತರೆ ಹೊತ್ತು ಹೋಗಿದ್ದು ತಿಳಿಯದವರಿಗೆ ಮಾತ್ರ ಇದು ತಕ್ಕ ಕೆಲಸ.

ನಮ್ಮ 2511 ಈಗ ತೋಟದಲ್ಲಿದೆ. ಸಣ್ಣ ರೋಟಾವೇಟರ್ ಕಟ್ಟಿಕೊಂಡು ಮೇಲ್ಮೇಲೆ ಕಳೆ ತೆಗೆಯುತ್ತದೆ. ಕೊಂಬೆ ಮುರಿಯುವುದು ನಿಂತಿದೆ. ಕಾಕಾ ಸೀಟಿನ ಸ್ಪ್ರಿಂಗ್ ಗಟ್ಟಿಯಾಯಿತು ಅಂತ ದೂರುತ್ತಾರೆ. ಅದನ್ನು ಬದಲಿಸಬೇಕು.

ಮುಂದಿನ ಕೆಲಸ ಜತ್ತದ ಅಜ್ಜಾರ ಗಾಡಿ. ಎರಡನೇ ಗೇರ್ ತಾನಾಗೇ ಬಿಟ್ಟುಕೊಳ್ಳುತ್ತಿದೆ. ಗೇರಿನ ಹಲ್ಲೋ, ಫೋರ್ಕೋ, ಬರೀ ಲಾಕಿನ ಸ್ಪ್ರಿಂಗೋ ಅಂತ ಬಿಚ್ಚಿದ ಮೇಲೆಯೇ ಗೊತ್ತಾಗಬೇಕು. ಮಳೆ ಮುಗಿದ ಮೇಲೆ ಚಾಚಾ ಬರಲು ಒಪ್ಪಿದ್ದಾರೆ. ಪುಲ್ಲರ್ ಮಾಸ್ತರು ತರುತ್ತಾರೆ. ಗೌಡರ ಬಿಚ್ಚಿಟ್ಟ ಗಾಡಿಯ ಗೇರ್‌ಬಾಕ್ಸ್ ಆಗಲೇ ಟ್ರಾಲಿಗೆ ಹತ್ತಿದೆ. ನಮಗೆ ಈಗ ಇಲ್ಲದ್ದು 2511ರ ಪಾರ್ಟ್ಸ್ ಪುಸ್ತಕ, ಚಿತ್ರ ಮತ್ತು ನಂಬರ್ ಇರುವಂಥದ್ದು. ನಿಮ್ಮ ಮನೆಯ ಅಟ್ಟದ ಮೇಲೆ, ಟ್ರಂಕಿನಲ್ಲಿ, ಹಳೆ ಆರ್‌ಸಿ ಕಾಗದಗಳ ಜೊತೆ ಅಂಥದ್ದೊಂದು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನಾವೇ ಬಂದು ಝೆರಾಕ್ಸ್ ಮಾಡಿಸಿಕೊಂಡು ಪುಸ್ತಕ ನಿಮಗೇ ಮರಳಿ ಕೊಡುತ್ತೇವೆ.